ಅಂಜಿಕೆಗೂ ಕೆಲಸ ಕೊಟ್ಟ ನೀರುಗಂಟಿ ಶಿವನಂಜಮ್ಮ

ಇಂದು ನಸುಕಿನಲ್ಲಿ ಮಾಳದಹುಂಡಿಯ ಮೇಲೆ ಪುಷ್ಯದ ಮಂಜು ದಟ್ಟವಾಗಿ ಬಿದ್ದಿದೆ. ಎದುರು ಮನೆಯ ದೀಪ ಅರಿಶಿನ ಕದಡಿದ ನೀರಿನ ಹಾಗೆ ಕಾಣುತ್ತದೆ. ಗಾಳಿಯಿಲ್ಲ, ಒಂದು ನಾಯಿಯೂ ಬೊಗಳುತ್ತಿಲ್ಲ. ಹೆಗ್ಗಡದೇವನಕೋಟೆಯಿಂದ ಬರುವ ಬಸ್ಸು ತಿರುಗಿಕೊಂಡು ಹೋಗುವ ಕಡೆಯ ಊರು ಇದು. ಆಚೆಗೆ ಹುರುಳಿ ಹೊಲ, ಆನೆ ಕಂದಕ, ಅದರಾಚೆಗೆ ಕಾಡು. ಶಿವನಂಜಮ್ಮ ಜಗುಲಿಯ ಮೇಲೆ ನಿಂತು, ಯಾವುದಾದರೂ ಒಂದು ನಾಯಿ ಬೊಗಳಲಿ ಎಂದು ಕಾಯುತ್ತಾರೆ.

‘ಓಗ್ಲೇಬೇಕಾ ಇವತ್ತು?’ ಒಳಗಿನಿಂದ ಗಂಡ ಚೆಲುವರಾಜು ಕೇಳುತ್ತಾರೆ.

‘ತ್ರೀಫೇಸು ಕರೆಂಟು ಬಂದದೆ. ಈಗ ಮೋಟ್ರು ಹಾಕ್ನಿಲ್ಲ ಅಂದ್ರೆ ಊರು ಏನ್ ಕುಡೀತದೆ?’

‘ಅಂಗಾರೆ ಉಲಿ ಸಿಕ್ಕುದ್ರೆ ಯಾವ್ ಬೀದಿದು ಅಂತ ಕೇಳ್ಬುಡು. ಅದ್ಕೂ ಒಂದ್ ಟೈಮ್ ಕೊಟ್ಟು ಕಳ್ಸು.’

‘ಸುಮ್ಕೆ ಬಿದ್ಕಳಿ ಅತ್ಲಾಗಿ’ ಎಂದು ಗದರಿ, ನೀರಿನ ಪೈಪಿನ ವಾಲು ತಿರುಗಿಸುವ ಕಬ್ಬಿಣದ ಸಲಾಕೆಯನ್ನು ಹೆಗಲಿಗೇರಿಸಿಕೊಂಡು ಅವರು ಮಂಜಿಗಿಳಿಯುತ್ತಾರೆ. ಗದರಿದ ದನಿಯಲ್ಲೇ ನಡುಕವಿತ್ತೆಂಬುದು ಗಂಡನಿಗೂ ಗೊತ್ತು.

ಈ ಊರಿನ ನೀರುಗಂಟಿ ಮೊದಲು ಚೆಲುವರಾಜುವೇ. ಟ್ಯಾಂಕಿನ ಏಣಿಯಿಂದ ಬಿದ್ದು ಸೊಂಟ ಮುರಿದ ಮೇಲೆ ಪಂಚಾಯ್ತಿಯವರು ಕೆಲಸವನ್ನು ಹೆಂಡತಿಯ ಕೈಗೆ ಕೊಟ್ಟರು. ಹೊಲದಂಚಿನ ಪಂಪ್‌ಹೌಸಿಗೆ ನಡೆದು ಮೋಟರು ಹಾಕುವುದು, ಆಮೇಲೆ ಮೂರು ಬೀದಿಗೂ ಸರದಿಯಂತೆ ವಾಲು ತಿರುಗಿಸುವುದು. ಕಳೆದ ವಾರ ಕಂದಕದ ಬದಿಯಲ್ಲಿ ಒಂದು ಹಸುವನ್ನು ಹುಲಿ ಹಿಡಿಯಿತು. ಅರಣ್ಯದವರು ಬೋನು ಇಟ್ಟಿದ್ದಾರೆ, ಬೆಳಕು ಹರಿಯುವ ತನಕ ಯಾರೂ ಹೊರಗೆ ಬರಬೇಡಿ ಎಂದು ಆಟೋದಲ್ಲಿ ಮೈಕು ಕಟ್ಟಿ ಸಾರಿದ್ದಾರೆ. ಆದರೆ ಕರೆಂಟು ಬೆಳಕಿಗೆ ಕಾಯುವುದಿಲ್ಲ.

‘ನಾನು ಉಟ್ಟಿದ್ದೇ ಪುಕ್ಲಿ ಕಣ್ರವ್ವ’ ಎನ್ನುತ್ತಾರೆ ಶಿವನಂಜಮ್ಮ. ‘ಹಲ್ಲಿ ಲೊಚಗುಟ್ಟುದ್ರೂ ಎದೆ ಡವಡವ ಅಂತದೆ. ಅಂಜ್ಕೆಯ ಓಡ್ಸಾಕಾಯ್ತದಾ? ಅದ್ಕೊಂದು ಕೆಲ್ಸ ಕೊಡ್ಬೇಕು. ಸುಮ್ನೆ ಕೂರ್ಸುದ್ರೆ ಅದು ನಮ್ಮನ್ನೇ ತಿಂತದೆ.’

ಹಾಗೆ ಕೆಲಸ ಕೊಡುತ್ತಾ ಕೊಡುತ್ತಾ ಅವರಿಗೆ ಕೆಲವು ರೂಢಿಗಳು ಬೆಳೆದಿವೆ. ಎದ್ದ ಕೂಡಲೇ ಅಂಗೈ ನೋಡಿಕೊಂಡು ದೇವಿ ಚಿಕ್ಕದೇವಮ್ಮನನ್ನು ನೆನೆಯುತ್ತಾರೆ. ಒಂದು ಲೋಟ ನೀರನ್ನು ಆತುರವಿಲ್ಲದೆ, ಪ್ರಸಾದದ ಹಾಗೆ ಕುಡಿಯುತ್ತಾರೆ. ಪ್ರತಿ ವಾಲಿನ ಹತ್ತಿರ ಆ ಬೀದಿಯ ಒಬ್ಬರಾದರೂ ಮಾಡಿದ ಒಂದು ಒಳ್ಳೆಯದನ್ನು ನೆನೆಸಿಕೊಳ್ಳುತ್ತಾರೆ. ‘ಮೂತಿ ಗಂಟಾಕ್ಕಂಡು ತಿರ್ಗ್ಸುದ್ರೆ ರಟ್ಟೆ ನೋಯ್ತದೆ. ಒಳ್ಳೇದ ನೆನ್ಕಂಡು ತಿರ್ಗ್ಸಿ ನೋಡಿ, ಬೆಣ್ಣೆ ಕಣ್ರವ್ವ ಬೆಣ್ಣೆ!’

ಇನ್ನೊಂದು ರೂಢಿ ಕೂಗುವುದು. ನೀರು ಹರಿದ ಮೇಲೆ ಮನೆಮನೆಯ ಹೆಂಗಸಿನ ಹೆಸರು ಹಿಡಿದು ‘ನೀರು ಬಂತು ಕಣವ್ವೋ’ ಎನ್ನುತ್ತಾರೆ. ಒಳಗಿನಿಂದ ‘ಬಂತು ಕಣವ್ವ’ ಎಂಬ ಮರುದನಿ ಬರಬೇಕು. ಕತ್ತಲಲ್ಲಿ ಒಂಟಿಯಾಗಿ ನಡೆಯುವ ಹೆಣ್ಣಿಗೆ ಆ ಮರುದನಿಯೇ ಕೈದೀಪ.

ಊರೆಲ್ಲ ಕೊಡುವ ಈ ಮರುದನಿ ಒಂದೇ ಒಂದು ಬಾಗಿಲಿನಿಂದ ಬರುತ್ತಿಲ್ಲ. ಅದು ಮೇಲಿನ ಬೀದಿಯ ಮೊದಲ ಮನೆ, ಪುಟ್ಟಸಿದ್ದಮ್ಮನದು. ಹೋದ ಬೇಸಿಗೆಯಲ್ಲಿ ಆಕೆ ನಲ್ಲಿಗೆ ಟುಲ್ಲು ಪಂಪು ಹಚ್ಚಿ ನೀರೆಳೆದುಕೊಂಡಾಗ ಕೆಳಗಿನ ಬೀದಿ ಬತ್ತಿಹೋಗಿತ್ತು. ಶಿವನಂಜಮ್ಮ ಪಂಪನ್ನು ಬಿಚ್ಚಿಸಿದರು. ‘ಸರ್ಕಾರದ ನೀರು, ನಿಮ್ಮಪ್ಪನ ಮನೇದಾ?’ ಎಂದು ಪುಟ್ಟಸಿದ್ದಮ್ಮ ಬೀದಿಗೆಲ್ಲ ಕೇಳುವಂತೆ ಅಂದದ್ದೇ ಕಡೆ, ಮಾತು ನಿಂತಿತು. ಶಿವನಂಜಮ್ಮ ಮಾತ್ರ ಕೂಗುವುದನ್ನು ನಿಲ್ಲಿಸಿಲ್ಲ. ‘ಕೂಗ್ದೆ ಓದ್ರೆ ನನ್ ದಿನ ಕೆಡ್ತದೆ ಕಣ್ರವ್ವ, ಅವಳ್ದಲ್ಲ.’

ಇವತ್ತು ಪಂಪ್‌ಹೌಸು ತಲುಪಿ, ತಗಡಿನ ಬಾಗಿಲು ತೆರೆದು, ಸ್ಟಾರ್ಟರಿನ ಹಸಿರು ಗುಂಡಿ ಒತ್ತುತ್ತಾರೆ. ಮೋಟರು ಗುಂಯ್ ಎನ್ನುತ್ತದೆ. ಹೊರಗೆ ಕಾಲಿಡಬೇಕು, ಅಷ್ಟರಲ್ಲಿ ಕಂದಕದ ಕಡೆ ಕಡವೆಯೊಂದು ಗಂಟಲು ಕಿತ್ತುಹೋಗುವಂತೆ ಕೂಗಿ ತಟ್ಟನೆ ಸುಮ್ಮನಾಗುತ್ತದೆ. ಮೂಗಿಗೆ ಹಸಿ ಚರ್ಮದಂಥ ಒಂದು ನಾತ ಬಡಿಯುತ್ತದೆ. ಶಿವನಂಜಮ್ಮ ಬಾಗಿಲೆಳೆದುಕೊಳ್ಳುತ್ತಾರೆ. ಬಾಗಿಲಿಗೆ ಚಿಲಕವಿರುವುದು ಹೊರಗಡೆ ಮಾತ್ರ. ಒಳಗೆ ಹಿಡಿದುಕೊಳ್ಳಲು ಬೆರಳು ಹಿಡಿಸುವಷ್ಟು ಒಂದು ತಗಡಿನ ಮಡಿಕೆ. ಮೊಬೈಲಿಗೆ ಇಲ್ಲಿ ಸಿಗ್ನಲ್ಲಿಲ್ಲ.

ಪೈಪು ಸೋರಿ ಕೆಸರಾದ ಜಾಗದಲ್ಲಿ ಏನೋ ತೂಕದ್ದು ಹೆಜ್ಜೆ ಎತ್ತಿಟ್ಟಂತೆ ಪಚಕ್, ಪಚಕ್ ಎನ್ನುತ್ತದೆ. ಗೋಡೆ ಸುತ್ತಿ ಬಾಗಿಲ ಹತ್ತಿರ ನಿಲ್ಲುತ್ತದೆ. ತಗಡಿನ ಆಚೆ ದೀರ್ಘವಾದ ಉಸಿರು.

ಆ ಗಳಿಗೆಯನ್ನು ಶಿವನಂಜಮ್ಮ ಆಮೇಲೆ ಹೀಗೆ ಹೇಳುತ್ತಾರೆ: ‘ಮಾದಪ್ಪಾ, ನಿನ್ ವಾಹನದ ಉಲಿಯ ನೀನೇ ಕರ್ಕೊ ಅಂದೆ. ಆಮೇಲೆ ಏನ್ ಮಾಡ್ಲಿ? ವಾಲು ತಿರ್ಗ್ಸುವಾಗ ನೆನ್ಕಳಂಗೆ ನೆನ್ಕತಾ ಓದೆ, ಮನೆಮನೆಯ ಒಳ್ಳೇದ. ಮೊದ್ಲು ಪುಟ್ಟಸಿದ್ದಕ್ಕನ ಮನೆ. ನನ್ ಹೆರಿಗೆ ದಿನ ಮಳೇಲಿ ಗಾಡಿ ಕಟ್ಟುಸಿ, ತನ್ನ ಹೊಸ ಕಂಬ್ಳಿಯ ನನ್ ಮೇಲ್ ಹೊದ್ಸಿದ್ಲು ಕಣ್ರವ್ವ. ಇಷ್ಟ್ ದಿನ ಅದು ನೆಪ್ಪೇ ಆಗಿರ್ನಿಲ್ಲ.’

ಅತ್ತ ಊರಿನಲ್ಲಿ, ಪಂಪ್‌ಹೌಸಿನಿಂದ ನೇರ ಪೈಪಿದ್ದು, ಮೊದಲ ಸರದಿಗೆ ವಾಲು ತೆರೆದೇ ಇಟ್ಟಿರುವ ಮೇಲಿನ ಬೀದಿಗೆ ನೀರು ಬಂದುಬಿಟ್ಟಿದೆ. ಆದರೆ ಯಾರೂ ಕೊಡ ಹಿಡಿದು ಬರುತ್ತಿಲ್ಲ. ಈ ಊರಿನವರಿಗೆ ನೀರು ಬಂದಿತೆಂದರೆ ಕೂಗು ಬಂದಿತೆಂದೇ ಅರ್ಥ. ಬೀದಿ ನಲ್ಲಿ ಸುರಿದು ಚರಂಡಿ ತುಂಬುತ್ತಿದೆ. ಆ ಸದ್ದನ್ನು ಮೊದಲು ಗಮನಿಸಿದ್ದು ಪುಟ್ಟಸಿದ್ದಮ್ಮ. ಇಷ್ಟು ತಿಂಗಳೂ ಅವರು ಬಾಗಿಲ ಹಿಂದೆ ನಿಂತು, ತನ್ನ ಹೆಸರಿನ ಕೂಗು ಬಂದ ಮೇಲೆಯೇ ಒಲೆ ಹಚ್ಚುತ್ತಿದ್ದವರು.

‘ನೀರ್ ಬಂದದೆ, ಶಿವನಂಜಿ ಬಂದಿಲ್ಲ! ಏಳ್ರಲಾ! ಎಮ್ಮೆಗಳಂಗೆ ಮಲಗಿದ್ದೀರಲ್ಲ!’

ತಟ್ಟೆ, ತಪ್ಪಲೆ ಬಡಿಯುತ್ತಾ, ಟಾರ್ಚು ಬೀಸುತ್ತಾ ಊರು ಹೊಲಕ್ಕಿಳಿಯುತ್ತದೆ. ಮುಂದೆ ಟ್ರ್ಯಾಕ್ಟರಿನ ಎರಡು ದೀಪ, ಅದರ ಬೆನ್ನಿಗೇ ಸೆರಗು ಬಿಗಿದ ಪುಟ್ಟಸಿದ್ದಮ್ಮ. ಊರಿನ ಹಿರಿಯ ಮರಿಯಯ್ಯ ಪಂಪ್‌ಹೌಸಿನ ಸುತ್ತ ಬೆಳಕು ಬಿಟ್ಟು ನೋಡಿ, ನೆಲದತ್ತ ಟಾರ್ಚು ಹಿಡಿಯುತ್ತಾರೆ. ಕೆಸರಿನಲ್ಲಿ ಅಂಗೈಗಿಂತ ಅಗಲದ ಹೆಜ್ಜೆಗಳು, ಅವುಗಳಲ್ಲಿ ನೀರು ಇನ್ನೂ ಒಸರುತ್ತಿದೆ. ಹುಲಿ ಹುರುಳಿ ಹೊಲದ ಕಡೆ ಇಳಿದುಹೋಗಿದೆ.

ಬಾಗಿಲು ತೆರೆದಾಗ ಶಿವನಂಜಮ್ಮನ ಬೆರಳುಗಳು ತಗಡಿನ ಆಕಾರಕ್ಕೇ ಮಡಿಚಿಕೊಂಡಿವೆ, ಕುಯ್ದ ಗಾಯದಲ್ಲಿ ರಕ್ತ. ಪಂಚಾಯ್ತಿಗೆ ಹೇಳಿ ಏನು ಮಾಡಿಸಿಕೊಡೋಣ ಹೇಳವ್ವ ಎಂದು ಮರಿಯಯ್ಯ ಕೇಳುತ್ತಾರೆ.

‘ಒಳಗಡೆಯಿಂದ ಒಂದ್ ಚಿಲ್ಕ ಹಾಕ್ಸಿಕೊಡಿ ಸಾಕು’ ಎನ್ನುತ್ತಾರೆ ಅವರು. ‘ನಾಳಿಕೂ ಬರ್ಬೇಕಲ್ಲ.’

ಯಾರೋ ನಗುತ್ತಾರೆ, ಇನ್ಯಾರೋ ಮೂಗೊರೆಸಿಕೊಳ್ಳುತ್ತಾರೆ. ಶಿವನಂಜಮ್ಮ ಎಂದಿನಂತೆ ಕೂಗಲು ಬಾಯಿ ತೆರೆಯುತ್ತಾರೆ, ಕೂಗುವಷ್ಟು ದನಿಯೇ ಹೊರಡುವುದಿಲ್ಲ. ಪುಟ್ಟಸಿದ್ದಮ್ಮ ಹತ್ತಿರ ಬಂದು, ಆ ಮರಗಟ್ಟಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಾ, ಅವರೊಬ್ಬರಿಗೇ ಕೇಳುವಷ್ಟು ಮೆಲ್ಲಗೆ ಹೇಳುತ್ತಾರೆ:

‘ಬಂತು ಕಣವ್ವ.’