ವೈಶಾಖದಲ್ಲಿ ಚೆಲ್ಲಿದ ಚರಗ

ದೆವ್ವ, ಪವಾಡ ಎಂದರೆ ಮೂಗು ಮುರಿಯುತ್ತಿದ್ದವನು ನಾನು. ನೋಡುವವರ ಕಣ್ಣಿಗೆ ಮಣ್ಣೆರಚುವುದೇ ನನ್ನ ಹೊಟ್ಟೆಪಾಡು. ಅಂಥವನು ಕಂಡದ್ದನ್ನೆಲ್ಲ ನಂಬುತ್ತಾನೆಯೆ? ಈಗಲೂ ದೆವ್ವವನ್ನು ನಂಬುವುದಿಲ್ಲ. ಆದರೆ ಗೊಳಸಂಗಿಯೆಂಬ ಹಳ್ಳಿಯಲ್ಲಿ ಕಂಡದ್ದನ್ನು ಎಲ್ಲಿ ಇಳಿಸಬೇಕೋ ತಿಳಿಯದೆ ಇಷ್ಟು ವರ್ಷ ಹೊತ್ತು ಸಾಕಾಗಿದೆ.

ಎಪ್ಪತ್ತರ ದಶಕದ ಮಾತು. ಮದರಾಸಿನಲ್ಲಿ ಸಿನಿಮಾ ಸಂಕಲನಕಾರರೊಬ್ಬರ ಸಹಾಯಕನಾಗಿದ್ದೆ. ನಮ್ಮ ಸೀಮೆಯ ಒಕ್ಕಲುತನದ ಮೇಲೊಂದು ಸಾಕ್ಷ್ಯಚಿತ್ರ ತೆಗೆಯುವಾಗ, ಇಂಡಿ ಕಡೆಯವನೆಂದು ನನ್ನನ್ನೂ ಕರೆದೊಯ್ದರು. ಚಳಿಗಾಲದ ಎಳ್ಳ ಅಮಾವಾಸ್ಯೆಯ ಚರಗ, ಅಂದರೆ ಬಸುರಿ ಭೂಮಿತಾಯಿಗೆ ಹೊಲದಲ್ಲಿ ಎಡೆ ಚೆಲ್ಲುವುದು, ಅದರಲ್ಲಿ ಬರಲೇಬೇಕಿತ್ತು. ಆದರೆ ಏನೇನೋ ತಡವಾಗಿ ನಾವು ಗೊಳಸಂಗಿಗೆ ಹೋದದ್ದು ವೈಶಾಖದ ಉರಿಬಿಸಿಲಿನಲ್ಲಿ. ಬಾವಿ ನೀರಿಗೆ ಬೆಳೆದ ಮೇವಿನ ಜೋಳ ಒಂದಿಷ್ಟು ಸಿಕ್ಕಿತು. "ಇಲ್ಲೇ ಚೆಲ್ಲಿಸಿ, ಚಳಿಗಾಲವನ್ನು ಆಮೇಲೆ ಲ್ಯಾಬಿನಲ್ಲಿ ಮಾಡೋಣ" ಎಂದರು ನಿರ್ದೇಶಕರು.

ಹೊಲದೊಡೆಯ ಒಪ್ಪಿದ. ಅವನ ಹೆಂಡತಿ ಶಿವವ್ವ ಮಾತ್ರ ಬುಟ್ಟಿ ಹಿಡಿದು ಚೆಲ್ಲದೆ ನಿಂತುಬಿಟ್ಟಳು.

"ಬಸುರಿ ಅಲ್ಲದಾಕಿಗಿ ಕುಬಸ ಮಾಡ್ತಾರೇನ್ರಿ? ಭೂಮಿತಾಯಿ ಸಿಟ್ಟಾದ್ರ ಮುಂದಿನ ವರ್ಷ ನಾವೇನು ತಿನ್ನೂದು?" ಎಂದಳು. ಕುಬಸ ಎಂದರೆ ನಮ್ಮ ಕಡೆ ಸೀಮಂತ.

ಗಂಡ ಗದರಿದ ಮೇಲೆ ಚೆಲ್ಲಿದಳು. ಮುಗಿದ ಮೇಲೆ ನನ್ನ ಹತ್ತಿರ ಬಂದಳು. "ಬ್ಯಾಸಗಿ ಹೋಗಿ ಚಳಿಗಾಲ ಮಾಡ್ತೀರಂತಲ್ರಿ. ಅರ್ಧಾಮರ್ಧಾ ಮಾಡಬ್ಯಾಡ್ರಿ. ಆ ತಾಯಿಗೂ ಖರೇನ ಅನಸಬೇಕು."

ಆಗಲಿ ಎಂದೆ.

ಮದರಾಸಿನಲ್ಲಿ ದಿನಗಟ್ಟಲೆ ಕೂತು ಹಳದಿ ತಗ್ಗಿಸಿ, ನೀಲಿ ಏರಿಸಿ, ಬಿಸಿಲನ್ನು ಮಂಕು ಮಾಡಿಸಿದೆವು. ಕಣ್ಣು ಉರಿದು ಹೋದವು. ಬಣ್ಣ ದಾರಿಗೆ ಬಂತು, ನೆರಳು ಬರಲಿಲ್ಲ. ನಡುಮಧ್ಯಾಹ್ನ ತೆಗೆದ ಚಿತ್ರ. ಶಿವವ್ವನ ನೆರಳು ಅವಳ ಪಾದದಡಿಯೇ ಮುದುಡಿತ್ತು. ಚಳಿಗಾಲದ ನೆರಳು ಹಾಗೆ ಬೀಳುವುದಿಲ್ಲ, ಒಕ್ಕಲಿಗರಿಗೆ ಅದು ಗೊತ್ತಾಗದೆ ಇರದು. ಬಣ್ಣ ಬದಲಿಸಬಹುದು, ನೆರಳನ್ನು ಎಳೆದು ಉದ್ದ ಮಾಡಲು ನಮ್ಮ ಬಳಿ ಯಾವ ಉಪಾಯವೂ ಇರಲಿಲ್ಲ. ಸೋತು ಕೈಬಿಟ್ಟೆ.

ಮುಂದೆ ಗೊಳಸಂಗಿಯ ಸಾಲೆಯ ಅಂಗಳದಲ್ಲಿ ಬಿಳಿ ಬಟ್ಟೆ ಕಟ್ಟಿ, ಕತ್ತಲಾಗುತ್ತಲೇ ಚಿತ್ರ ತೋರಿಸಿದರು. ಶಿವವ್ವ ಮುಂದೆಯೇ ಕೂತಿದ್ದಳು. ಚರಗದ ದೃಶ್ಯ ಬಂದಾಗ ನಾನು ನಾಚಿ ತಲೆ ತಗ್ಗಿಸಿದೆ. ಮತ್ತೆ ತಲೆಯೆತ್ತಿ ನೋಡಿದೆ. ಅವಳ ನೆರಳು ಪಾದದಿಂದ ಹೊರಟು ಸಾಲು ದಾಟಿ ಉದ್ದಕ್ಕೆ ಮಲಗಿತ್ತು. ಜೋಳದ ದಂಟುಗಳ ನೆರಳೂ ಹಾಗೆಯೇ ಇತ್ತು.

ಚಿತ್ರ ಮುಗಿದ ಮೇಲೆ ಶಿವವ್ವ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಅವಳ ಕಣ್ಣು ತುಂಬಿದ್ದವು. "ಖರೇನ ಚಳಿಗಾಲ ಮಾಡಿದ್ರಿ ನೋಡ್ರಿ ಯಪ್ಪಾ. ಅವತ್ತಿನಿಂದ ನನಗ ನಿದ್ದಿ ಇದ್ದಿಲ್ಲ."

ಮದರಾಸಿಗೆ ಮರಳಿ ನೆಗೆಟಿವ್ ತೆಗೆಸಿ ನೋಡಿದೆ. ನೆರಳು ಪಾದದಡಿಯೇ ಇತ್ತು. ಅದರಿಂದಲೇ ತೆಗೆದ, ಗೊಳಸಂಗಿಯಲ್ಲಿ ತೋರಿಸಿದ ಪ್ರತಿಯಲ್ಲಿ ಮಾತ್ರ ಉದ್ದವಾಗಿತ್ತು. ಯಾರನ್ನು ಕೇಳಲಿ? ಕೆಲಸ ಚೆನ್ನಾಗಿ ಮಾಡಿದ್ದೀಯೆಂದು ನಿರ್ದೇಶಕರು ಬೆನ್ನು ತಟ್ಟಿದರು. ಆ ಹೆಂಗಸು ಬದುಕಿದ್ದರೆ ಈಗಲೂ ನನ್ನನ್ನೇ ಹರಸುತ್ತಿರಬೇಕು. ಅದು ನಾನು ಮಾಡಿದ್ದಲ್ಲ ಎಂಬುದು ನನ್ನೊಬ್ಬನಿಗೇ ಗೊತ್ತು.