ಮಗಳಿಗೆ ನೋವು ಕೊಡೆಂದು ಬೇಡಿಕೊಂಡ ದಿನ

ಕಳೆದ ಶ್ರಾವಣದ ಒಂದು ಶುಕ್ರವಾರ ಬೆಳಿಗ್ಗೆ ನನ್ನ ಮಗಳು ಶ್ರಾವ್ಯ ಹೊಟ್ಟೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲೇ ಕುಸಿದು ಕುಳಿತಳು. ಅವಳು ಕಾಲೇಜಿಗೆ ಹೋಗುವವಳು. ರಿಕ್ಷಾ ಹಿಡಿದು ಮುಂಬಯಿಯ ಭಾಂಡುಪ್ ಸ್ಟೇಷನ್ ಹತ್ತಿರದ ನರ್ಸಿಂಗ್ ಹೋಮಿಗೆ ಕರೆದೊಯ್ದೆ. ಅಪೆಂಡಿಕ್ಸ್ ಊದಿದೆ, ಸಣ್ಣ ತೂತು ಮಾಡಿ ದೂರ್‌ಬೀನ್ ಎನ್ನುವ ಕ್ಯಾಮೆರಾ ಕೊಳವೆಯಿಂದ ಇವತ್ತೇ ತೆಗೆಯಬೇಕು ಎಂದರು.

ಆ ಹೆಸರು ಕೇಳಿದರೇ ನನಗೆ ಹೆದರಿಕೆ. ನಾನು ಚಿಕ್ಕವಳಿದ್ದಾಗ, ಉಡುಪಿ ಹತ್ತಿರದ ನಮ್ಮ ಮನೆಯಲ್ಲಿ, ಅಕ್ಕನಿಗೂ ಇದೇ ಆಗಿತ್ತು. ನರಳುತ್ತಿದ್ದವಳು ಒಮ್ಮೆಲೇ "ನೋವು ಹೋಯಿತು" ಎಂದಳು. ಮನೆಯವರೆಲ್ಲ ಸಮಾಧಾನಪಟ್ಟರು. ಒಳಗೆ ಅದು ಒಡೆದದ್ದರಿಂದ ನೋವು ನಿಂತದ್ದೆಂದು ತಿಳಿಯುವಷ್ಟರಲ್ಲಿ ಅಕ್ಕ ತೀರಿಕೊಂಡಿದ್ದಳು.

ಮಧ್ಯಾಹ್ನ ಆಪರೇಷನ್ ಮುಗಿಯಿತು. ವಾರ್ಡಿಗೆ ಬಂದ ಮಗಳು ಸ್ವಲ್ಪ ಹೊತ್ತಿಗೆಲ್ಲ ಮೊಬೈಲ್ ಕೇಳಿದಳು.

"ನೋವು ಉಂಟಾ?"

"ನಹೀ ಮಮ್ಮಿ, ಏನೂ ಇಲ್ಲ," ಎಂದು ನಕ್ಕಳು.

ಅಕ್ಕನೂ ಹೀಗೇ ಹೇಳಿದ್ದಳು. ಹೊಟ್ಟೆ ಕೊಯ್ಸಿಕೊಂಡವರಿಗೆ ನೋವಿಲ್ಲವೆಂದರೆ ಏನರ್ಥ? ಆಪರೇಷನ್ ಮಾಡಿದ ಡಾಕ್ಟರಮ್ಮನನ್ನು ತಡೆದು ನಿಲ್ಲಿಸಿದೆ.

ಅವರು ಹಿಂದಿಯಲ್ಲಿ ಹೇಳಿದರು: "ಆಂಟಿ, ತೂತು ಮಾಡಿದ ಕಡೆ ಮರಗಟ್ಟುವ ಇಂಜೆಕ್ಷನ್ ಕೊಟ್ಟಿದ್ದೇವೆ. ಸಂಜೆ ಹೊತ್ತಿಗೆ ಇಳಿಯುತ್ತೆ."

"ಹಾಗಾದರೆ ಒಳಗೆ ಏನಾದರೂ ಆದರೆ ಅದೂ ಗೊತ್ತಾಗುವುದಿಲ್ಲವಲ್ಲ?"

"ಗೊತ್ತಾಗುತ್ತೆ. ನಾಡಿ, ಜ್ವರ ಎಲ್ಲ ನೋಡ್ತಾ ಇದ್ದೇವೆ."

ಆಮೇಲೆ ಅವರು ಆಚೆ ಹೋಗಿ ನರ್ಸ್ ಜೊತೆ ಮರಾಠಿಯಲ್ಲಿ ತಗ್ಗಿದ ದನಿಯಲ್ಲಿ ಮಾತಾಡಿದರು. ಏನೋ ಮುಚ್ಚಿಡುತ್ತಿದ್ದಾರೆಂದು ನನಗೆ ಖಾತ್ರಿಯಾಯಿತು. ನರ್ಸ್ ನಕ್ಕರೂ ಅನುಮಾನ, ನಗದಿದ್ದರೂ ಅನುಮಾನ. ಮಗಳ ಹಣೆ ಮುಟ್ಟಿ ಮುಟ್ಟಿ ನೋಡಿದೆ, ಹೊದಿಕೆ ಸರಿಸಿ ಪಟ್ಟಿ ನೋಡಿದೆ.

ದಾದರ್‌ನ ಹೋಟೆಲಿನಲ್ಲಿ ಕೆಲಸ ಮಾಡುವ ನನ್ನ ಯಜಮಾನರು ಲೋಕಲ್ ಹಿಡಿದು ಬಂದವರು, "ಅವಳು ನಗ್ತಾ ಇದ್ದಾಳೆ, ನೀನು ಅಳ್ತಾ ಇದ್ದಿ. ಎಂತ ಮಾರಾಯ್ತಿ ಇದು?" ಎಂದರು. ಅವರನ್ನೂ ನಂಬಲಾಗಲಿಲ್ಲ.

ಕಿಟಕಿಯ ಕಡೆ ತಿರುಗಿ ಕಣ್ಣು ಮುಚ್ಚಿದೆ. 'ದುರ್ಗಾಪರಮೇಶ್ವರೀ, ಇವರ ಮಾತು ನಿಜವಾದರೆ ಆ ಮದ್ದು ಇಳಿಯಲಿ. ನನ್ನ ಮಗಳಿಗೆ ಸ್ವಲ್ಪ ನೋವು ಕೊಡು ತಾಯಿ.' ಹಾಗೆ ಬೇಡಿಕೊಂಡ ಮೇಲೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಯಾವ ತಾಯಿ ಹೀಗೆ ಕೇಳುತ್ತಾಳೆ?

ವಾರ್ಡಿನಲ್ಲಿ ದೀಪ ಹಾಕುವ ಹೊತ್ತಿಗೆ ಶ್ರಾವ್ಯ ಮಗ್ಗಲು ಬದಲಿಸಲು ಹೋಗಿ ಮುಖ ಕಿವುಚಿದಳು.

"ಮಮ್ಮಿ, ಈಗ ದುಖ್ತಾ ಹೈ."

"ಎಲ್ಲಿ? ಹೊಟ್ಟೆಯೆಲ್ಲಾ ನೋಯ್ತದಾ?"

ಪಟ್ಟಿ ಹಾಕಿದ ಜಾಗಗಳನ್ನಷ್ಟೇ ಬೆರಳಿಟ್ಟು ತೋರಿಸಿದಳು. ನಾನು ಅವಳ ಕೈ ಹಿಡಿದು ಬಿಕ್ಕಿಬಿಕ್ಕಿ ಅತ್ತೆ. ಅವಳೇ ಗಾಬರಿಯಾದಳು. ಡಾಕ್ಟರಮ್ಮ ಬಂದು ಹೊಟ್ಟೆ ಒತ್ತಿ ನೋಡಿ, ಮೆತ್ತಗಿದೆ, ಎಲ್ಲ ಸರಿಯಾಗಿದೆ ಎಂದು ಮಾತ್ರೆ ಕೊಟ್ಟರು. ಭೇಟಿಯ ಸಮಯ ಮುಗಿದರೂ ನನ್ನನ್ನು ಯಾರೂ ಹೊರಗೆ ಕಳಿಸಲಿಲ್ಲ. ಕೇಳಿದ್ದಕ್ಕೆ ನರ್ಸ್, "ಮಧ್ಯಾಹ್ನವೇ ಡಾಕ್ಟರ್ ಹೇಳಿದ್ದಾರೆ, ತಾಯಿ ತುಂಬಾ ಹೆದರಿದ್ದಾರೆ, ಇಲ್ಲೇ ಇರಲಿ ಅಂತ," ಎಂದಳು. ನಾನು ಅನುಮಾನಿಸಿದ ಆ ಪಿಸುಮಾತು ಇದೇ ಆಗಿತ್ತು.

ಮನೆಗೆ ಬಂದ ಮೇಲೆ ಅಮ್ಮನವರ ಪಟಕ್ಕೆ ಮಲ್ಲಿಗೆ ಮುಡಿಸಿ ದೀಪ ಹಚ್ಚಿದೆ. ಶ್ರಾವ್ಯ ಪಕ್ಕದಲ್ಲಿ ಕುಳಿತು, "ಮಮ್ಮಿ, ನನಗೋಸ್ಕರ ಏನು ಬೇಡಿಕೊಂಡೆ?" ಎಂದು ಕೇಳಿದಳು.

"ನೀನು ಹುಷಾರಾಗಲಿ ಅಂತ," ಎಂದೆ.

ಅವತ್ತು ವಾರ್ಡಿನಲ್ಲಿ ನಾನು ಬೇಡಿಕೊಂಡ ಮಾತು ಬೇರೆಯೇ ಆಗಿತ್ತು. ಆದರೆ ಅಮ್ಮನವರು ಕೇಳಿಸಿಕೊಂಡದ್ದು ಇದನ್ನೇ.