ಬಿಸಿಲಿಗೆ ಹಾಸಿದ ಬೆನ್ನು

ಧಾರವಾಡದ ಗೋದಾಬಾಯಿಗೆ ಬಾಯಿ ಬರೀ ಹೆಸರಿನಲ್ಲಷ್ಟೇ ಇರಲಿಲ್ಲ. ೧೯೩೬ರ ದಸರೆಯಂದು ಓಣಿಯ ಮಕ್ಕಳೆಲ್ಲ ಬನ್ನಿ ಎಲೆ ಕೊಟ್ಟು ಆಕೆಯ ಕಾಲಿಗೆ ಬಿದ್ದರು. ತಾಯಿಯಿಲ್ಲದ ಮೊಮ್ಮಗಳು, ಆರು ವರ್ಷದ ಸುಲಭಾ ಮಾತ್ರ ಕಂಬದಂತೆ ನಿಂತಳು.

“ಬಾಗಲಿಕ್ಕೆ ಏನು ಧಾಡಿ ಆಗ್ಯದ ನಿನಗ?”

“ಬೆನ್ನು ಬರವಲ್ದು, ಅಜ್ಜಿ.”

“ಬರವಲ್ದಂದ್ರ ಎಲ್ಲಿಗೆ ಹೋಗ್ಯದ ಅದು, ಹುಬ್ಬಳ್ಳಿಗೆ?”

ಅಂದಿನಿಂದ ಅಜ್ಜಿ ಆ ಬೆನ್ನಿನ ಬೆನ್ನುಹತ್ತಿದಳು. ಸೊಕ್ಕು ಇಳಿಯಲೆಂದು ದಿನಾ ಬೆಳಿಗ್ಗೆ ದೇವರ ಮುಂದೆ ನಮಸ್ಕಾರ ಹಾಕಿಸಿದಳು. ಹುಡುಗಿ ಸೊರಗಿದಳು, ನಿದ್ದೆಯಲ್ಲಿ ಚೀರತೊಡಗಿದಳು. ದೃಷ್ಟಿ ತೆಗೆದದ್ದಾಯಿತು. ಸಂಜೆಯ ಜ್ವರ ಬಿಡದಾಗ ಡಾಕ್ಟರ್ ಯಜ್ಞೇಶ್ವರರನ್ನು ಕರೆಸಿದಳು.

ಡಾಕ್ಟರರು ನೆಲದ ಮೇಲೊಂದು ಪೆಪ್ಪರಮಿಂಟು ಹಾಕಿ, “ತಗೋವಾ” ಎಂದರು. ಸುಲಭಾ ಬಾಗಲಿಲ್ಲ. ಬೆನ್ನು ನೆಟ್ಟಗಿಟ್ಟು ಕುಕ್ಕರಿಸಿ ಹೆಕ್ಕಿಕೊಂಡು, ತೊಡೆಗೆ ಕೈಯೂರಿ ಎದ್ದಳು. ಆಕೆಯ ಬೆನ್ನಗುಂಟ ಜಾರಿದ ಡಾಕ್ಟರರ ಬೆರಳು ಉಬ್ಬಿದ ಒಂದು ಗುಬುಟಿಗೆ ತಾಗಿ ನಿಂತಿತು.

“ಸೊಕ್ಕಲ್ರಿ ಇದು, ಗೋದಕ್ಕಾ. ಕ್ಷಯ.”

“ಕೂಸು ಒಂದು ದಿನಾನೂ ಕೆಮ್ಮಿಲ್ಲಲ್ರಿ!”

“ಎದಿಗಷ್ಟ ಬರೂದಲ್ರಿ ಅದು. ಎಲುಬಿಗೂ ಬರ್ತದ, ಕೊರಳ ಗಂಟಿಗೂ ಬರ್ತದ. ಬಾಗಿಸಿದಷ್ಟೂ ಬೆನ್ನಿನ ಮಣಿ ಕುಸೀತದ. ಕಾಲೂ ಹೋದಾವು.”

ತಾನು ಹಾಕಿಸಿದ ನಮಸ್ಕಾರಗಳೆಲ್ಲ ಒಟ್ಟಿಗೇ ಗೋದಾಬಾಯಿಯ ಎದೆಯ ಮೇಲೆ ಬಂದು ಬಿದ್ದಂತಾಯಿತು.

ಹುಬ್ಬಳ್ಳಿಯಲ್ಲಿ ತೆಗೆಸಿದ ಕ್ಷ-ಕಿರಣದ ಚಿತ್ರವೂ ಅದನ್ನೇ ಹೇಳಿತು. ಆಗ ಈ ರೋಗಕ್ಕೆ ಗುಳಿಗೆ, ಸೂಜಿ ಹುಟ್ಟಿರಲಿಲ್ಲ. ಇದ್ದದ್ದು ಪ್ಲಾಸ್ಟರಿನ ಅಚ್ಚಿನಲ್ಲಿ ಅಲುಗದೆ ಮಲಗುವುದು, ಬಿಸಿಲು, ಹಾಲು, ಮತ್ತೆ ಮೀನೆಣ್ಣೆ. ಮೀನಿನ ಹೆಸರು ಕೇಳಿದರೆ ಸ್ನಾನ ಮಾಡುವ ಮನೆ! ಗೋದಾಬಾಯಿ ಅರೆಗಳಿಗೆ ಕಣ್ಣು ಮುಚ್ಚಿ, “ಮಾಳಿಗಿ ಮ್ಯಾಲ ಮಡಿ ಇಲ್ಲ” ಎಂದು ಹೊಸ ಶಾಸ್ತ್ರ ಬರೆದಳು. ಚಮಚವನ್ನು ತಾನೇ ಹಿಡಿದಳು.

ಮಾಳಿಗೆಯ ಮೇಲೆ ಬಿಳಿಯ ಚಿಪ್ಪಿನೊಳಗೆ ಸುಲಭಾ ಕಾಳಿನಂತೆ ಮಲಗಿದಳು. ಬಿಸಿಲು ಸರಿದಂತೆ ಅಜ್ಜಿ ಮಂಚ ಸರಿಸುತ್ತಿದ್ದಳು. ಎಲ್ಲಿಂದಲೋ ತಂಬೂರಿಯ ನಾದ ತೇಲಿ ಬರುತ್ತಿತ್ತು. ಹುಡುಗಿಗೆ ಆಕಾಶವೇ ಅಂಗಳವಾಯಿತು. ಗಿಳಿಗಳು ಅದರಲ್ಲಿ ಓಡಾಡಿದವು, ಮೋಡಗಳು ರಂಗೋಲಿ ಹಾಕಿ ಅಳಿಸಿದವು.

“ಅಜ್ಜಿ, ಮೋಡದಾಗ ಎಡವಿದ್ರ ಕೆಳಗ ಬೀಳ್ತೀನೋ, ಮ್ಯಾಲ ಬೀಳ್ತೀನೋ?”

“ಬೀಳೂದೇ ಬ್ಯಾಡ, ನನ್ನವ್ವಾ.”

ಎರಡನೆಯ ಚಳಿಗಾಲ ಕಳೆದ ಮೇಲೆ ಡಾಕ್ಟರರು ಅಚ್ಚು ತೆಗೆದರು. ಗುಬುಟಿ ಉಳಿದಿತ್ತು, ನೋವು ಉಳಿದಿರಲಿಲ್ಲ. ಕಾಲುಗಳು ಏನು ಹೇಳುತ್ತವೋ ಎಂದು ಗೋದಾಬಾಯಿ ಉಸಿರು ಹಿಡಿದಳು. ಸುಲಭಾ ನಡುಗಿದಳು, ನಿಂತಳು, ಗೋಡೆ ಹಿಡಿದು ಹೆಜ್ಜೆಯಿಟ್ಟು ಅಂಚಿಗೆ ಬಂದಳು. ಓಣಿಯತ್ತ ಇಣುಕಿ ಬೆರಗಿನಿಂದ ಕೂಗಿದಳು:

“ಅಜ್ಜಿ! ಇಲ್ಲೆ ಕೆಳಗೂ ಮಂದಿ ಅದಾರ!”